ಮುಚ್ಚುವುದು, ಬಚ್ಚಿಡುವುದು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ನಾವೆಲ್ಲ ಕಷ್ಟದ ಮಾತಾಗಿಯೇ ಬಳಸುತ್ತೇವೆ. ಸಿಮೆಂಟಿನ ದರ, ಕೆಲಸದವರ ಸಬೂಬು, ಬ್ಯಾಂಕಿನ ಕಂತು ಇವನ್ನೆಲ್ಲ ಅನುಭವಿಸಿ ನೋಡು ಎಂಬುದು ಅದರ ಅರ್ಥ. ಆದರೆ ಆ ಗಾದೆಯಲ್ಲಿರುವ ‘ನೋಡು’ ಎಂಬ ಪದಕ್ಕೆ ಇನ್ನೂ ಒಂದು ಅರ್ಥವಿದೆ ಎಂದು ನನಗೆ ಹೊಳೆದದ್ದು, ಇಪ್ಪತ್ತೆಂಟು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದು ಶಿವಮೊಗ್ಗದ ಹೊರವಲಯದಲ್ಲಿ ನಮ್ಮದೇ ಒಂದು ಮನೆ ಕಟ್ಟಿಸಿದ ಮೇಲೆ. ಮನೆ ಮುಗಿಯುತ್ತ ಬಂದಂತೆ ಕಟ್ಟಿಸಿದವರು ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಅದನ್ನು ನೋಡಲು ತೊಡಗುತ್ತಾರೆ. ತಾವು ನೋಡುವುದಕ್ಕಲ್ಲ, ಬೇರೆಯವರಿಗೆ ಹೇಗೆ ಕಾಣುತ್ತದೆ ಎಂದು ನೋಡುವುದಕ್ಕೆ!

ನಮ್ಮ ಮನೆ ಹಾಗೆ ನೋಡಿದಾಗ ಕಂಡದ್ದು ಒಂದು ಪೈಪು. ತಾರಸಿಯ ಮಳೆನೀರು ಇಳಿಸುವ ನಾಲ್ಕಿಂಚಿನ ಪಿವಿಸಿ ಪೈಪು. ಇಂಜಿನಿಯರು ಬಣ್ಣ ಹಾಕಿ ಕೊಟ್ಟಿದ್ದ ಎಲಿವೇಷನ್ ಚಿತ್ರದಲ್ಲಿ ಮುಂಭಾಗದ ಕಿಟಕಿ, ಸಜ್ಜಾ, ತುಳಸಿಕಟ್ಟೆ, ಅಂಗಳದಲ್ಲಿ ನಾವು ಎಂದೂ ಕೊಳ್ಳಲಾರದ ಒಂದು ಕಾರು ಕೂಡ ಇತ್ತು. ಪೈಪು ಮಾತ್ರ ಇರಲಿಲ್ಲ. ಅಂಥ ಚಿತ್ರಗಳಲ್ಲಿ ಎಂದೂ ಮಳೆ ಬರುವುದಿಲ್ಲ. ಮೇಸ್ತ್ರಿ ತಾರಸಿಯ ಇಳಿಜಾರನ್ನು ಈಶಾನ್ಯಕ್ಕೆ ಕೊಟ್ಟಿದ್ದ. “ನೀರು ಈಶಾನ್ಯಕ್ಕೇ ಹೋಗಬೇಕು ಟೀಚರಮ್ಮಾ, ವಾಸ್ತು” ಎಂದು ಅವನ ವಾದ. ಪೂರ್ವಕ್ಕೆ ಬಾಗಿಲಿರುವ ಮನೆಯಲ್ಲಿ ಈಶಾನ್ಯವೆಂದರೆ ಮುಂಭಾಗದ ಮೂಲೆಯೇ. ಹೀಗಾಗಿ ಪೈಪು ಎಲ್ಲರ ಕಣ್ಣೆದುರೇ ಇಳಿಯಿತು. ಪೋರ್ಟಿಕೋದ ಮೇಲೆ ಬಿದ್ದ ನೀರಿಗೆ ಇನ್ನೊಂದು ಸಣ್ಣ ಪೈಪು ಓರೆಯಾಗಿ ಬಂದು ಇದಕ್ಕೆ ಕೂಡಿಕೊಂಡಿತು. ಕೆನೆಬಣ್ಣದ ಗೋಡೆಯ ಮೇಲೆ ಬೂದುಬಣ್ಣದ ಆ ಜೋಡಿ, ಯಾರೋ ಬಿಟ್ಟುಹೋದ ಏಣಿಯ ಹಾಗೆ ಕಾಣುತ್ತಿತ್ತು.

“ಅತ್ತಿಗೆ, ಚಂದದ ಮುಖಕ್ಕೆ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿದ ಹಾಗಿದೆ” ಎಂದಳು ನಮ್ಮ ನಾದಿನಿ. ಅವಳ ಬಾಯಿ ಸ್ವಲ್ಪ ಹರಿತ. ಆದರೆ ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ.

ಈ ಪೈಪು ಏಕೆ ಬೇಕು ಎಂದು ಯೋಚಿಸಿದಾಗ ನನಗೆ ತೀರ್ಥಹಳ್ಳಿ ಸೀಮೆಯ ನಮ್ಮ ತವರುಮನೆಯ ನೆನಪಾಯಿತು. ಅದು ಹಂಚಿನ ಮಾಡು. ಅಲ್ಲಿ ಮಳೆ ನೀರಿಗೆ ಪೈಪಿರಲಿಲ್ಲ. ಮಾಡಿನ ಉದ್ದಕ್ಕೂ ನೂರಾರು ಎಳೆಗಳಾಗಿ ನೀರು ಇಳಿಯುತ್ತಿತ್ತು. ಬಾಗಿಲ ಎದುರು ಮಾತ್ರ, ಬಂದುಹೋಗುವವರ ತಲೆ ನೆನೆಯದಿರಲೆಂದು ಸೀಳಿದ ಅಡಕೆಮರದ ದೋಣಿ ಕಟ್ಟಿ ನೀರನ್ನು ಪಕ್ಕಕ್ಕೆ ತಿರುಗಿಸುತ್ತಿದ್ದರು. ಅದರ ತುದಿಗೆ ಹಂಡೆಯಿಟ್ಟು ನೀರು ಹಿಡಿಯುವುದು ಮಕ್ಕಳಾದ ನಮ್ಮ ಕೆಲಸ. ನೋಡಿ, ಹಂಚು ಎಂಬ ಪದವೇ ಎಷ್ಟು ಸೊಗಸಾಗಿದೆ! ಹಂಚು ನೀರನ್ನು ಹಂಚಿಬಿಡುತ್ತದೆ. ತಾರಸಿ ಹಾಗಲ್ಲ. ಅದು ಸುತ್ತ ಪ್ಯಾರಾಪೆಟ್ ಗೋಡೆ ಕಟ್ಟಿಕೊಂಡು ಬಿದ್ದ ನೀರನ್ನೆಲ್ಲ ಕೂಡಿಹಾಕುತ್ತದೆ. ಕೂಡಿಹಾಕಿದವರು ಅದಕ್ಕೊಂದು ದಾರಿಯನ್ನೂ ಮಾಡಿಕೊಡಬೇಕಾಗುತ್ತದೆ.

ಆ ನೀರು ಸ್ವಲ್ಪವೇನೂ ಅಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಇದು ಏಳನೆಯ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕ. ನಮ್ಮ ತಾರಸಿ 1000 ಚದರ ಅಡಿ, ಅಂದರೆ ಸುಮಾರು 93 ಚದರ ಮೀಟರ್. ಜೋರಾಗಿ ಒಂದು ತಾಸು ಹೊಡೆದು 30 ಮಿಲಿಮೀಟರ್ ಮಳೆಯಾಯಿತೆನ್ನಿ. ಸುಮಾರು 2,800 ಲೀಟರ್! ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ 180ಕ್ಕೂ ಹೆಚ್ಚು ಕೊಡ. ಬೋರ್‌ವೆಲ್ ಮುಂದೆ ಸರತಿಯಲ್ಲಿ ನಿಂತು ಎರಡು ಕೊಡ ನೀರಿಗೆ ಕಾದ ಯಾವ ಹೆಂಗಸಿಗೂ ಈ ಸಂಖ್ಯೆಯ ತೂಕ ಗೊತ್ತು. ಇಷ್ಟು ನೀರು ಒಂದು ತಾಸಿನಲ್ಲಿ ನಮ್ಮ ತಲೆಯ ಮೇಲಿಂದ ಇಳಿದು ಎಲ್ಲಿಗೋ ಹೋಗಬೇಕು. ಎಲ್ಲಿಗೆ? ಪೈಪು ಚೆನ್ನಾಗಿ ಕಾಣುವುದಿಲ್ಲ ಎಂದವರು ಹಲವರು. ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರು ಒಬ್ಬರೂ ಇಲ್ಲ.

ನಾವು ಮನೆಗೆ ‘ಸೂರು’ ಎನ್ನುತ್ತೇವೆ. ತಲೆಯ ಮೇಲೊಂದು ಸೂರಿದ್ದರೆ ಸಾಕು ಎನ್ನುತ್ತೇವೆ. ಸೂರು ಎಂದರೆ ನಿಜವಾಗಿ ಮಾಡಿನ ಇಳಿ ಅಂಚು, ಮಳೆಯ ನೀರು ತೊಟ್ಟಿಕ್ಕುವ ಜಾಗ. ನಮ್ಮ ಹಿರಿಯರು ಇಡೀ ಮನೆಯನ್ನು ಕರೆಯಲು ಹೆಬ್ಬಾಗಿಲನ್ನಾಗಲಿ ದೇವರ ಕೋಣೆಯನ್ನಾಗಲಿ ಆರಿಸಿಕೊಳ್ಳದೆ, ನೀರು ಬಿಟ್ಟುಕೊಡುವ ಅಂಚನ್ನೇ ಆರಿಸಿಕೊಂಡರಲ್ಲ!

ಪೈಪನ್ನು ಏನು ಮಾಡಬೇಕು ಎಂಬುದಕ್ಕೆ ಸಲಹೆಗಳಿಗೇನೂ ಬರವಿರಲಿಲ್ಲ. ಒಬ್ಬರು ಗೋಡೆ ಕೊರೆದು ಒಳಗೆ ಹುದುಗಿಸಿ ಪ್ಲಾಸ್ಟರ್ ಮಾಡಿಬಿಡಿ ಎಂದರು. ಇನ್ನೊಬ್ಬರು ಕಾಂಕ್ರೀಟ್ ಕಂಬದೊಳಗೇ ಮೊದಲೇ ಇಳಿಸಬೇಕಿತ್ತು ಎಂದು ಪೇಚಾಡಿದರು. ಇದನ್ನು ಕೇಳಿ ಇಂಜಿನಿಯರು ತಲೆಯಾಡಿಸಿಬಿಟ್ಟರು. ಕಂಬದೊಳಗೆ ಪೈಪು ಇಳಿಸಿದರೆ ಅಷ್ಟು ಜಾಗದ ಕಾಂಕ್ರೀಟು ಕಡಿಮೆಯಾಗುತ್ತದೆ, ಮನೆಯ ಭಾರ ಹೊರುವ ಕಂಬವೇ ಬಲಗುಂದುತ್ತದೆ. ಮೇಲಾಗಿ ಒಳಗೆ ಜಾಯಿಂಟು ಸೋರಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ ಎಂದರು. ಗೋಡೆಯಲ್ಲಿ ಹುದುಗಿಸಿದರೂ ಅದೇ ಕಥೆ. ನಾಲ್ಕಿಂಚಿನ ಪೈಪಿಗಾಗಿ ಒಂಬತ್ತಿಂಚಿನ ಗೋಡೆಯನ್ನು ಅರ್ಧ ಕೊರೆಯಬೇಕು. ಮುಂದೊಂದು ದಿನ ಮಾವಿನ ಎಲೆಯೋ ಗಾಳಿಪಟದ ತುಂಡೋ ಒಳಗೆ ಸಿಕ್ಕಿಕೊಂಡರೆ ತೆಗೆಯುವ ದಾರಿಯಿಲ್ಲ. ಸೋರಿದರೆ ಎಲ್ಲಿ ಸೋರುತ್ತಿದೆ ಎಂದು ತಿಳಿಯುವುದಿಲ್ಲ. ಒಳಗಿನ ಕೋಣೆಯಲ್ಲಿ ಮೊದಲು ಒಂದು ತೇವದ ಕಲೆ ಕಾಣಿಸುತ್ತದೆ, ಆಮೇಲೆ ಬೂಷ್ಟು, ಆಮೇಲೆ ಬಣ್ಣ ಸಿಪ್ಪೆಯೇಳುತ್ತದೆ. ಹೊರಗಿನವರಿಗೆ ಚಂದ, ಒಳಗಿನವರಿಗೆ ಶೀತ. ‘ಮೇಲೆ ಥಳುಕು ಒಳಗೆ ಹುಳುಕು’ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ತರಗತಿಯಲ್ಲಿ ಎಂದೂ ಸಿಕ್ಕಿರಲಿಲ್ಲ.

ಮೂರನೆಯ ಸಲಹೆ ಮೇಸ್ತ್ರಿಯದು. ಅದು ಅತ್ಯಂತ ಸುಲಭ, ಖರ್ಚೂ ಇಲ್ಲದ್ದು. “ಮೂಲೆಯಲ್ಲಿ ತೂತನ್ನು ಉತ್ತರದ ಗೋಡೆಗೆ ತಿರುಗಿಸಿಬಿಡೋಣ ಟೀಚರಮ್ಮಾ. ಒಂದಡಿ ಪೈಪು ಹೊರಗಿಟ್ಟರೆ ಸಾಕು. ಮುಂದೆ ಏನೂ ಕಾಣೋದಿಲ್ಲ. ಆ ಕಡೆ ತಗ್ಗಿದೆ, ನೀರು ತಾನಾಗಿ ಹೋಗುತ್ತೆ.” ಆ ಕಡೆ ಎಂದರೆ ಉತ್ತರದ ಪಕ್ಕದ ಮನೆ. ಹಳೆಯ ಹಂಚಿನ ಮನೆ, ಮಣ್ಣಿನ ಗೋಡೆ. ಹೂ ಕಟ್ಟಿ ಮಾರುವ ಹೆಂಗಸೊಬ್ಬರು ಮಗಳೊಂದಿಗೆ ಇದ್ದಾರೆ. 180 ಕೊಡ ನೀರು ಒಂದು ತಾಸಿನಲ್ಲಿ ಆ ಮಣ್ಣಿನ ಗೋಡೆಯ ಬುಡಕ್ಕೆ ಬಿದ್ದರೆ ಏನಾಗುತ್ತದೆಂದು ಹೇಳಲು ಇಂಜಿನಿಯರೇ ಆಗಬೇಕಿಲ್ಲ.

ಪರಿಚಯದ ಒಬ್ಬರು ಕಾನೂನನ್ನೂ ಹೇಳಿದರು. 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ ಮೇಲಿನ ಜಮೀನಿನ ನೀರು ಸ್ವಾಭಾವಿಕವಾಗಿ ಹರಿದು ಬಂದರೆ ಕೆಳಗಿನ ಜಮೀನಿನವರು ಅದನ್ನು ಹರಿಯಲು ಬಿಡಬೇಕಂತೆ. ಸರಿ. ಆದರೆ ಸ್ವಾಭಾವಿಕವಾಗಿ ಹರಿಯುವ ನೀರಿನ ಮಾತು ಅದು. ತಾರಸಿ ಹಾಕಿ, ಕೂಡಿಹಾಕಿ, ತೂತು ಕೊರೆದು, ಇಂಥಲ್ಲೇ ಬೀಳಲೆಂದು ಎತ್ತರದಿಂದ ಸುರಿದದ್ದು ತಾನಾಗಿ ಹರಿದ ನೀರು ಹೇಗಾದೀತು? ಅವರು ಬಂದು ಜಗಳವಾಡುವವರಲ್ಲ ಎಂಬ ಧೈರ್ಯವೂ ಆ ಸಲಹೆಯೊಳಗೆ ಸೇರಿಕೊಂಡಿತ್ತು. ಅದೇ ಜಾಗದಲ್ಲಿ ಒಬ್ಬ ವಕೀಲರ ಮನೆಯಿದ್ದಿದ್ದರೆ ಮೇಸ್ತ್ರಿಯ ಬಾಯಲ್ಲಿ ಆ ಮಾತು ಬರುತ್ತಿರಲಿಲ್ಲ.

ಹಾಗಾದರೆ ಮನೆಯ ಮುಂಭಾಗ ಚಂದ ಕಾಣಲಿ ಎಂದು ಬಯಸುವುದೇ ತಪ್ಪೇ? ಖಂಡಿತ ಅಲ್ಲ. ನಾನು ಸರಳತೆಯ ಹೆಸರಿನಲ್ಲಿ ಒಡ್ಡೊಡ್ಡಾಗಿ ಬದುಕಬೇಕೆನ್ನುವವಳಲ್ಲ. ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುವಾಗ ನಾವು ಯಾರಿಗಾಗಿ ಬಿಡುತ್ತೇವೆ? ದೇವರಿಗೆ ಎಂದರೂ ಹಾದಿಯಲ್ಲಿ ಹೋಗುವವರು ಅದನ್ನು ತುಳಿಯದೆ ಬಳಸಿಕೊಂಡು ಹೋಗುತ್ತಾರಲ್ಲ, ಅವರಿಗೂ ಹೌದು. ಮನೆಯ ಮುಖ ಅರ್ಧ ನಮ್ಮದು, ಅರ್ಧ ಬೀದಿಯದು. ಇಸ್ತ್ರಿ ಮಾಡಿದ ಸೀರೆ ಉಟ್ಟು ತರಗತಿಗೆ ಹೋಗುವುದು ಮಕ್ಕಳಿಗೆ ತೋರುವ ಒಂದು ಗೌರವ. ಹಾಗೆಯೇ ಒಪ್ಪವಾದ ಮನೆ ಬೀದಿಗೆ ತೋರುವ ಗೌರವ.

ಆದರೆ ನೀರು ಹೊರಹೋಗುವ ದಾರಿ ಕಣ್ಣಿಗೆ ಬೀಳಲೇಬಾರದು ಎಂಬ ನಾಚಿಕೆ ನಮ್ಮಲ್ಲಿ ಎಲ್ಲಿಂದ ಬಂತೋ ಕಾಣೆ. ನಮ್ಮ ಶಿವಾಲಯಗಳನ್ನೇ ನೋಡಿ. ಪೂರ್ವಕ್ಕೆ ಮುಖವಿರುವ ಗುಡಿಯಲ್ಲಿ ಅಭಿಷೇಕದ ನೀರು ಉತ್ತರದ ಗೋಡೆಯಿಂದ ಹೊರಚಾಚಿದ ಕಲ್ಲಿನ ಬಾಯಿಯಿಂದ ಬೀಳುತ್ತದೆ. ಅದನ್ನು ಬಚ್ಚಿಡುವ ಬದಲು ಶಿಲ್ಪಿಗಳು ಗೋಮುಖ ಮಾಡಿದರು, ಮಕರದ ಮುಖ ಮಾಡಿದರು. ಪ್ರದಕ್ಷಿಣೆ ಬರುವವರು ಆ ಸೋಮಸೂತ್ರವನ್ನು ದಾಟದೆ ಹಿಂತಿರುಗುತ್ತಾರೆ. ಈ ಆಲೋಚನೆ ನಮ್ಮಲ್ಲಿ ಮಾತ್ರ ಇದ್ದದ್ದೂ ಅಲ್ಲ. ಪ್ಯಾರಿಸ್ಸಿನ ನೋತ್ರ್‌ದಾಮ್ ಚರ್ಚಿನಲ್ಲಿ ಮಾಡಿನ ಮಳೆನೀರನ್ನು ಗೋಡೆಯಿಂದ ದೂರ ಉಗುಳುವ ಕಲ್ಲಿನ ವಿಕಾರ ಪ್ರಾಣಿಗಳಿವೆ. ಅವಕ್ಕಿರುವ ಗಾರ್ಗಾಯ್ಲ್ ಎಂಬ ಹೆಸರು ಗಂಟಲು ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದದ್ದು. ಅದೇ ಊರಿನಲ್ಲಿ 1977ರಲ್ಲಿ ತೆರೆದ ಪಾಂಪಿದೂ ಕೇಂದ್ರವನ್ನು ಕಟ್ಟಿದ ರೆಂಜೊ ಪಿಯಾನೊ ಮತ್ತು ರಿಚರ್ಡ್ ರೋಜರ್ಸ್ ಎಂಬ ವಾಸ್ತುಶಿಲ್ಪಿಗಳು ಎಲ್ಲ ಕೊಳವೆಗಳನ್ನೂ ಹೊರಗೇ ಇಟ್ಟು, ನೀರಿನದಕ್ಕೆ ಹಸಿರು, ಗಾಳಿಯದಕ್ಕೆ ನೀಲಿ, ವಿದ್ಯುತ್ತಿನದಕ್ಕೆ ಹಳದಿ ಬಣ್ಣ ಬಳಿಸಿದರು. ನಮ್ಮ ಬೀದಿಯಲ್ಲಿ ಹಾಗೆ ಮಾಡಿದರೆ ನಾದಿನಿ ಮತ್ತೆ ನಮ್ಮ ಮನೆಗೆ ಬರಲಾರಳು, ಅದು ಬೇರೆ ಮಾತು.

ಈ ಪೈಪಿನ ಚರ್ಚೆ ನಡೆದಿದ್ದ ವಾರದಲ್ಲೇ ಮನೆಯಲ್ಲಿ ಇನ್ನೊಂದು ಚರ್ಚೆಯೂ ನಡೆದಿತ್ತು. ಅದನ್ನು ಹೇಳದೆ ಈ ಪ್ರಬಂಧ ಬರೆಯುವುದು ನನಗೆ ಸಾಧ್ಯವಿಲ್ಲ. ನಮ್ಮ ಅತ್ತೆಯವರಿಗೆ ಆಗ ಎಂಬತ್ತೊಂದು ವರ್ಷ. ಮೂತ್ರ ಕಟ್ಟುತ್ತಿದ್ದುದರಿಂದ ಕ್ಯಾಥೆಟರ್ ಹಾಕಿದ್ದರು. ಸಣ್ಣ ಕೊಳವೆ, ಅದರ ತುದಿಗೊಂದು ಪ್ಲಾಸ್ಟಿಕ್ ಚೀಲ. ಚೀಲ ಯಾವಾಗಲೂ ಹೊಟ್ಟೆಯ ಮಟ್ಟಕ್ಕಿಂತ ಕೆಳಗಿರಬೇಕು, ಕೊಳವೆ ಎಲ್ಲಿಯೂ ಮಡಚಬಾರದು ಎಂದು ನರ್ಸ್ ಹೇಳಿಕೊಟ್ಟಿದ್ದರು. ಮೇಸ್ತ್ರಿ ಪೈಪಿನ ಬಗ್ಗೆ ಹೇಳಿದ್ದೂ ಹೆಚ್ಚುಕಡಿಮೆ ಅದೇ ಮಾತು! ಗೃಹಪ್ರವೇಶದ ದಿನ ಅತ್ತೆಯನ್ನು ಎಲ್ಲಿ ಕೂರಿಸುವುದು ಎಂಬ ಪ್ರಶ್ನೆ ಎದ್ದಿತು. ಹಿಂದಿನ ಕೋಣೆಯಲ್ಲಿ ಮಂಚ ಹಾಕಿ ಬಾಗಿಲು ಮುಂದೆ ಮಾಡಿದರಾಯಿತು ಎಂದು ನೆಂಟರಲ್ಲಿ ಒಬ್ಬರು ಮೆಲ್ಲಗೆ ಹೇಳಿದರು. ಅವರು ಬಾಯಿಬಿಟ್ಟು ಹೇಳಿದ ಕಾರಣ ಚೀಲ. ಹೇಳದ ಕಾರಣ, ಮಾವನವರು ತೀರಿಕೊಂಡು ಆರು ವರ್ಷವಾಗಿತ್ತು.

ಅತ್ತೆಯ ಕಿವಿ ಚುರುಕು. ಅಂದು ಸಂಜೆ ನನ್ನನ್ನು ಕರೆದು, “ನನ್ನನ್ನು ಒಳಗೇ ಇಡ್ರೇ ಮಾರಾಯ್ತಿ. ನೋಡಿದವರಿಗೆ ಹೇಸಿಗೆ, ನನಗೂ ಸಂಕೋಚ. ಮನೆ ನಾಳೆ ನೋಡಿದರಾಯ್ತು, ಎಲ್ಲಿಗೆ ಓಡಿಹೋಗ್ತದೆ?” ಎಂದರು. ಮಗ ಮನೆ ಕಟ್ಟುವುದನ್ನು ನೋಡಬೇಕೆಂದು ಹತ್ತು ವರ್ಷದಿಂದ ಹೇಳುತ್ತ ಬಂದವರು ಅವರು. ನಮ್ಮವರು ನನ್ನ ಮುಖ ನೋಡಿದರು.

ಅತ್ತೆಯ ಮಾತಿನಲ್ಲಿ ಎರಡು ವಿಷಯಗಳಿದ್ದವು. ಸಂಕೋಚ ಅವರದು. ಅದನ್ನು ಗೌರವಿಸಬೇಕಾದದ್ದು ನಮ್ಮ ಧರ್ಮ. ತನ್ನ ಮೂತ್ರದ ಚೀಲವನ್ನು ಹತ್ತು ಜನರೆದುರು ಯಾರು ತೋರಿಸಿಕೊಂಡಾರು? ಆದರೆ ಹೇಸಿಗೆ ನೋಡುವವರದು. ಅದಕ್ಕಾಗಿ ಅತ್ತೆಯೇ ಕತ್ತಲೆ ಕೋಣೆಗೆ ಹೋಗಬೇಕಾದ್ದಿಲ್ಲ. ಅವರ ನೀಲಿ ಸೀರೆಗೆ ಹೊಂದುವ ಒಂದು ಬ್ಲೌಸ್ ಪೀಸಿನಲ್ಲಿ ಆ ರಾತ್ರಿ ಒಂದು ಕೈಚೀಲ ಹೊಲಿದೆ. ಬಾಯಿಗೆ ಲಾಡಿ, ಬೇಕಾದಾಗ ಬಿಚ್ಚಿ ನೋಡಬಹುದು. ಮೂತ್ರದ ಚೀಲ ಅದರೊಳಗೆ ಕೂತಿತು. ಕುರ್ಚಿಯ ಕಾಲಿಗೆ ಕಟ್ಟಿದರೆ ಕೊಳವೆಗೂ ತೊಂದರೆಯಿಲ್ಲ. ಅತ್ತೆ ನಡುಮನೆಯಲ್ಲಿ, ಪೂಜೆ ಕಾಣುವ ಹಾಗೆ ಕುಳಿತರು. ಹಾಲುಕ್ಕಿಸುವ ಒಲೆ ಹಚ್ಚಿದ್ದೂ ಅವರೇ. ಒಬ್ಬಿಬ್ಬರು ಹುಬ್ಬು ಗಂಟಿಕ್ಕಿದರು. ಊಟ ಮಾತ್ರ ಎಲ್ಲರೂ ಮಾಡಿಕೊಂಡೇ ಹೋದರು.

ಮುಚ್ಚುವುದು ಬೇರೆ, ಬಚ್ಚಿಡುವುದು ಬೇರೆ ಎಂದು ನನಗೆ ಸ್ಪಷ್ಟವಾದದ್ದು ಆ ಕೈಚೀಲ ಹೊಲಿಯುವಾಗ. ಎರಡರಲ್ಲೂ ವಸ್ತು ಕಣ್ಣಿಗೆ ಬೀಳುವುದಿಲ್ಲ. ಆದರೆ ಮುಚ್ಚುವವರು ಮುಚ್ಚಿದ್ದನ್ನು ನೋಡಿಕೊಳ್ಳುತ್ತಾರೆ, ಆಗಾಗ ತೆರೆದು ವಿಚಾರಿಸುತ್ತಾರೆ. ಅನ್ನದ ಪಾತ್ರೆಗೆ ತಟ್ಟೆ ಮುಚ್ಚುವ ಹಾಗೆ, ಮಲಗಿದ ಮಗುವಿಗೆ ಹೊದಿಸುವ ಹಾಗೆ. ಬಚ್ಚಿಡುವವರಿಗೆ ಅದು ಇದೆ ಎಂಬುದನ್ನೇ ಮರೆಯಬೇಕಾಗಿರುತ್ತದೆ. ಮರೆತದ್ದನ್ನು ಯಾರೂ ರಿಪೇರಿ ಮಾಡುವುದಿಲ್ಲ.

ನಮ್ಮ ತವರಿನಲ್ಲಿ ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡ ದೊಡ್ಡಮ್ಮ ಒಬ್ಬರಿದ್ದರು. ಮದುವೆ ಮುಂಜಿಗೆ ನೂರಾರು ಜನರ ಅಡಿಗೆ ಅವರದೇ ಕೈಯಲ್ಲಿ ಆಗುತ್ತಿತ್ತು. ಮದುವಣಗಿತ್ತಿ ಹೊರಡುವಾಗ ಮಾತ್ರ ಅವರು ಜಗಲಿಗೆ ಬರುವಂತಿರಲಿಲ್ಲ. ಆ ಮನೆಯ ಮುಂಭಾಗ ಎಷ್ಟು ಚೆಂದವಿತ್ತೆಂದು ಈಗಲೂ ಬಂದವರು ಹೊಗಳುತ್ತಾರೆ. ಹೊಗೆ ತುಂಬಿದ ಹಿಂದಿನ ಅಡಿಗೆಮನೆಯಲ್ಲಿ ಅವರ ಕಣ್ಣು ಮಂಜಾದದ್ದು ತಿಳಿದದ್ದು ತೀರ ತಡವಾಗಿ. ಶಾಲೆಯಲ್ಲೂ ನಾನು ಇದನ್ನು ಕಂಡಿದ್ದೇನೆ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಇನ್‌ಸ್ಪೆಕ್ಷನ್ ದಿನ ಓದಲು ಬಾರದ ನಾಲ್ಕೈದು ಮಕ್ಕಳಿಗೆ ನಾಳೆ ಬರಬೇಡಿ ಎಂದು ಹೇಳಿಕಳಿಸುವ ಪದ್ಧತಿಯಿತ್ತು. ಸಾಹೇಬರು ಬಂದು, ನೋಡಿ, ಸಂತೋಷಪಟ್ಟು ಹೋಗುತ್ತಿದ್ದರು. ಆ ಮಕ್ಕಳಿಗೆ ಯಾವ ಸಹಾಯ ಬೇಕೆಂದು ಯಾವ ಕಾಗದದಲ್ಲೂ ಬರೆಯಲಾಗುತ್ತಿರಲಿಲ್ಲ. ಇಲ್ಲದ ಮಕ್ಕಳಿಗೆ ಸಹಾಯ ಮಾಡುವುದಾದರೂ ಹೇಗೆ? ಗೋಡೆಯೊಳಗೆ ಹುದುಗಿಸಿದ ಪೈಪಿನ ಹಾಗೆಯೇ ಇದೂ. ತೇವದ ಕಲೆ ಎಲ್ಲೋ ಬೇರೆಡೆ, ವರ್ಷಗಳಾದ ಮೇಲೆ ಕಾಣಿಸಿಕೊಳ್ಳುತ್ತದೆ.

ಪೈಪಿಗೆ ಕೊನೆಗೆ ಏನು ಮಾಡಿದಿರಿ ಎಂದು ಕೇಳುತ್ತೀರಿ. ಮನೆ ಕಟ್ಟಿಸುತ್ತಿರುವವರಿಗೆ ಉಪಯೋಗವಾದೀತೆಂದು ಹೇಳುತ್ತೇನೆ. ಗೋಡೆ ಕೊರೆಯಲಿಲ್ಲ, ಪಕ್ಕದ ಮನೆಯ ಕಡೆ ತಿರುಗಿಸಲಿಲ್ಲ. ಓರೆ ಪೈಪನ್ನು ತೆಗೆಸಿ, ಪೋರ್ಟಿಕೋದ ಅಂಚಿನ ಗುಂಟ ತಂದು ಮೂಲೆಯಲ್ಲೇ ಕೂಡಿಸಿದೆವು. ದೊಡ್ಡ ಪೈಪನ್ನು ಗೋಡೆಯ ಅಂಚಿಗೆ ಸರಿಯಾಗಿ ತೂಕದ ಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ಸಮ ಅಂತರದಲ್ಲಿ ಕ್ಲಾಂಪು ಹಾಕಿಸಿದೆವು. ಗೋಡೆಯ ಬಣ್ಣವನ್ನೇ ಬಳಿಸಿದೆವು. ಬಿಸಿಲಿಗೆ ಪಿವಿಸಿ ಬೇಗ ಪೆಡಸಾಗುವುದೂ ಇದರಿಂದ ತಪ್ಪುತ್ತದೆ. ತಾರಸಿಯ ಬಾಯಿಗೆ ಜಾಲರಿ, ಕೆಳಗಿನ ತಿರುವಿಗೆ ಬಿಚ್ಚಿ ತೊಳೆಯಬಹುದಾದ ಮುಚ್ಚಳ. ಮೊದಲ ಮಳೆಯ ಕೊಳೆನೀರನ್ನು ಹೊರಕ್ಕೆ ಬಿಟ್ಟು, ಆಮೇಲಿನದು ಶೋಧಿಸಿ ಸಂಪಿಗೆ. ಸಂಪು ತುಂಬಿದರೆ ಅಂಗಳದ ಇಂಗುಗುಂಡಿಗೆ. ಬೆಂಗಳೂರಿನಲ್ಲಿ ಮಳೆನೀರು ಕೊಯ್ಲನ್ನು 2009ರಲ್ಲಿ ಕಾನೂನಿನ ಮೂಲಕ ಕಡ್ಡಾಯ ಮಾಡಿದರು. ಕಾನೂನು ಇರಲಿ ಇಲ್ಲದಿರಲಿ, 180 ಕೊಡ ನೀರನ್ನು ಚರಂಡಿಗೆ ಚೆಲ್ಲಲು ನನಗಂತೂ ಕೈ ಬರುವುದಿಲ್ಲ. ಒಂದು ಎಚ್ಚರ ಮಾತ್ರ ಇರಲಿ. ಮಳೆನೀರನ್ನು ಒಳಚರಂಡಿಗೆ ಸೇರಿಸಬಾರದು. ಸೇರಿಸಿದರೆ ಮಳೆಗಾಲದಲ್ಲಿ ತಗ್ಗಿನ ಮನೆಯವರ ಬಾಗಿಲಲ್ಲಿ ಮ್ಯಾನ್‌ಹೋಲ್ ಉಕ್ಕುತ್ತದೆ. ಪೈಪಿನ ಮುಂದೆ, ಕೈ ಹೋಗುವಷ್ಟು ಜಾಗ ಬಿಟ್ಟು, ಒಂದು ದಾಸವಾಳ ನೆಟ್ಟಿದ್ದೇನೆ. ಈಗ ಪೈಪು ಅರ್ಧ ಕಾಣುತ್ತದೆ, ಅರ್ಧ ಕಾಣುವುದಿಲ್ಲ. ನನಗದು ಸಾಕು.

ಅತ್ತೆಯವರು ಈಗಿಲ್ಲ. ಹೊಸ ಮನೆಯಲ್ಲಿ ಎರಡು ಮಳೆಗಾಲ ಕಂಡು ಹೋದರು. ಮಳೆ ಶುರುವಾದರೆ ಕುರ್ಚಿಯನ್ನು ಬಾಗಿಲ ಹತ್ತಿರ ಹಾಕಿಸಿಕೊಂಡು, ಪೈಪಿನೊಳಗೆ ನೀರು ಇಳಿಯುವ ಸದ್ದು ಕೇಳುತ್ತ ಕೂರುತ್ತಿದ್ದರು. ಸದ್ದು ಸಣ್ಣದಾದರೆ, “ಮೇಲೆ ಕಸ ಕಟ್ಟಿದೆ ನೋಡ್ರೋ” ಎಂದು ಅಲ್ಲಿಂದಲೇ ಕೂಗುತ್ತಿದ್ದರು. ನಮ್ಮವರು ಗೊರಬು ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಅತ್ತೆಯ ಮಾತು ಒಮ್ಮೆಯೂ ತಪ್ಪಿದ್ದಿಲ್ಲ. ಜಾಲರಿಗೆ ಎಲೆ ಕಟ್ಟಿರುತ್ತಿತ್ತು.